‘ಮತ್ತು ಇತರರು’: ಸರ್ಕಾರಿ ಕಟ್ಟಡಗಳ ಒಳಬಾಡಿಗೆದಾರರು

1971ರ ಸಾರ್ವಜನಿಕ ಆವರಣಗಳ ಕಾಯ್ದೆಯ ನಾಲ್ಕನೆಯ ಸೆಕ್ಷನ್ನಿನಲ್ಲಿ ಒಂದು ಏರ್ಪಾಡಿದೆ. ಸರ್ಕಾರಿ ಕಟ್ಟಡವೊಂದರಲ್ಲಿ ಯಾರೋ ಅಧಿಕಾರವಿಲ್ಲದೆ ಇದ್ದಾರೆ ಎಂದು ಎಸ್ಟೇಟ್ ಆಫೀಸರಿಗೆ ಅನ್ನಿಸಿದರೆ ಅವರು ನೋಟಿಸ್ ಹೊರಡಿಸಬೇಕು. ಅದನ್ನು ಕಟ್ಟಡದ ಹೊರಬಾಗಿಲಿಗೋ ಎದ್ದು ಕಾಣುವ ಬೇರೊಂದು ಜಾಗಕ್ಕೋ ಅಂಟಿಸಬೇಕು. ಅಂಟಿಸಿದ್ದಾಯಿತೆಂದರೆ, ಒಳಗೆ ಇರುವ, ಇರಬಹುದಾದ, ಆ ಜಾಗದ ಮೇಲೆ ತನಗೂ ಹಕ್ಕಿದೆ ಎನ್ನುವ ಎಲ್ಲರಿಗೂ ಅದು ಮುಟ್ಟಿದಂತೆಯೇ ಲೆಕ್ಕ. 

‘ಇರಬಹುದಾದ’ ಎಂಬ ಪದ ಯಾರಿಗಾಗಿ ಬಂತು? ಬಾಡಿಗೆದಾರನಿಗಾಗಿ ಅಲ್ಲ. ಅವನ ಹೆಸರು ಕಡತದಲ್ಲೇ ಇದೆ. ಕರಾರುಪತ್ರವಿದೆ, ರಸೀತಿಯ ಅಡಿಪ್ರತಿ ಇದೆ. ಕಡತಕ್ಕೆ ಗೊತ್ತಿಲ್ಲದವನು ಬಾಡಿಗೆದಾರನ ಹಿಂದೆ ನಿಂತವನು. ಸರ್ಕಾರದಿಂದ ಜಾಗ ಪಡೆದವನಿಂದ ಜಾಗ ಪಡೆದವನು. ಇಂಥವನನ್ನು ನಮ್ಮ ಪೇಟೆಗಳಲ್ಲಿ ಒಳಬಾಡಿಗೆಯವನು ಎನ್ನುತ್ತೇವೆ, ಹಳ್ಳಿಯಲ್ಲಾದರೆ ಒಳಗೇಣಿಯವನು. ಸರ್ಕಾರಿ ಕನ್ನಡ ಅವನ ಸ್ಥಿತಿಯನ್ನು ‘ಅನಧಿಕೃತ ಅಧಿಭೋಗ’ ಎಂದು ಕರೆಯುತ್ತದೆ. ಭೋಗ ಎಂಬ ಪದ ಅಲ್ಲಿಗೆ ಹೇಗೆ ಬಂದು ಸೇರಿತೋ! ಹತ್ತಡಿ ಮಳಿಗೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹೊಲಿಗೆ ಯಂತ್ರ ತುಳಿಯುವವನಿಗೆ ಇದನ್ನು ಓದಿ ಹೇಳಿದರೆ ನಕ್ಕಾನು.

ಬಾಡಿಗೆಯ ಚರಿತ್ರೆ ಹುಡುಕಿಕೊಂಡು ಹಳೆಯ ತೀರ್ಪುಗಳ ಸಂಪುಟಗಳನ್ನು ಓದುವವರಿಗೆ ಈ ಮನುಷ್ಯ ಪದೇಪದೇ ಎದುರಾಗುತ್ತಾನೆ, ಆದರೆ ಮುಖ ತೋರಿಸುವುದಿಲ್ಲ. ಪ್ರಕರಣದ ಶೀರ್ಷಿಕೆಯಲ್ಲಿ ಮಾಲೀಕನ ಹೆಸರಿರುತ್ತದೆ, ಬಾಡಿಗೆದಾರನ ಹೆಸರಿರುತ್ತದೆ, ಆಮೇಲೆ ‘ಮತ್ತು ಇತರರು’. ಬಹಳಷ್ಟು ಸಲ ಒಳಬಾಡಿಗೆದಾರ ಇರುವುದು ಆ ಇತರರಲ್ಲಿ. ಒಳಗೆ ತೀರ್ಪಿನಲ್ಲಿ ಅವನು ಎರಡನೆಯ ಪ್ರತಿವಾದಿ, ಮೂರನೆಯ ಪ್ರತಿವಾದಿ. ಎಷ್ಟೋ ಸಲ ಅದೂ ಇಲ್ಲ.

ಒಳಬಾಡಿಗೆ ಹುಟ್ಟಿನಿಂದಲೇ ಅಪರಾಧವಾಗಿರಲಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರ ತನ್ನ ಹಕ್ಕನ್ನು ಪೂರ್ತಿಯಾಗಿಯೋ ಭಾಗಶಃವೋ ಇನ್ನೊಬ್ಬನಿಗೆ ಕೊಡಬಹುದು ಎನ್ನುತ್ತದೆ. ವಸಾಹತು ಕಾಲದ ಆ ಕಾಯ್ದೆಗೆ ಬಾಡಿಗೆ ಹಕ್ಕೂ ಒಂದು ಸ್ವತ್ತೇ. ಸ್ವತ್ತೆಂದ ಮೇಲೆ ಅದು ಕೈ ದಾಟಬಹುದು. ಅದೇ ಕಾಯ್ದೆಯ 115ನೇ ಸೆಕ್ಷನ್ ಇನ್ನೂ ಕುತೂಹಲದ್ದು. ಬಾಡಿಗೆದಾರ ತಾನಾಗಿಯೇ ಜಾಗ ಬಿಟ್ಟುಕೊಟ್ಟರೆ ಅವನ ಕೆಳಗಿದ್ದವನ ಹಕ್ಕಿಗೆ ಧಕ್ಕೆಯಿಲ್ಲ. ಆದರೆ ಬಾಡಿಗೆದಾರ ಷರತ್ತು ಮುರಿದು ಹಕ್ಕು ಕಳೆದುಕೊಂಡರೆ ಅವನ ಕೆಳಗಿನ ಒಳಗುತ್ತಿಗೆಗಳೆಲ್ಲ ಅದರ ಜೊತೆಗೇ ಬಿದ್ದುಹೋಗುತ್ತವೆ. ಮೇಲಿನವನು ಮರ್ಯಾದೆಯಿಂದ ಹೊರಟರೆ ಕೆಳಗಿನವನು ಉಳಿಯುತ್ತಾನೆ, ಮೇಲಿನವನು ತಪ್ಪು ಮಾಡಿ ಹೊರಬಿದ್ದರೆ ಕೆಳಗಿನವನೂ ಹೊರಗೆ. ಮಾಲೀಕ ಮೋಸದಿಂದ ಹೀಗೆ ಮಾಡಿಸಿದ್ದರೆ ಮಾತ್ರ ವಿನಾಯಿತಿ, ಅಥವಾ ಬಾಡಿಗೆದಾರನಿಗೆ ಕೋರ್ಟು ಕ್ಷಮೆ ಕೊಟ್ಟಿದ್ದರೆ.

ಮೋಸವೆಂದರೆ ಯಾವುದು? ಒಳಬಾಡಿಗೆದಾರ ಇದ್ದಾನೆಂದು ಗೊತ್ತಿದ್ದೂ ಮಾಲೀಕ ಬಾಡಿಗೆದಾರನೊಬ್ಬನ ಮೇಲೆ ಮಾತ್ರ ದಾವೆ ಹೂಡಿ ಡಿಕ್ರಿ ಪಡೆದರೆ? 1964ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಅಷ್ಟರಿಂದಲೇ ಅದು ಒಳಸಂಚಾಗದು. ಬಾಡಿಗೆದಾರನ ವಿರುದ್ಧದ ಡಿಕ್ರಿ ಅವನ ಕೆಳಗಿನವನಿಗೂ ಅನ್ವಯಿಸುತ್ತದೆ, ಅವನನ್ನು ಪಕ್ಷಗಾರನಾಗಿ ಸೇರಿಸಲೇಬೇಕೆಂಬ ನಿಯಮವಿಲ್ಲ. ತರ್ಕವಾಗಿ ಸರಿಯೇ. ಆದರೆ ತನ್ನ ಅಂಗಡಿಯ ಹಣೆಬರಹ ತೀರ್ಮಾನವಾಗುವ ಕೋಣೆಗೆ ಅವನಿಗೆ ಕರೆಯೇ ಇಲ್ಲದಿರಬಹುದು ಎಂಬುದೂ ಅಲ್ಲೇ ನಿಂತಿತು.

ಇದಕ್ಕೆ ಎದುರಾಗಿ ಬಂದದ್ದು ಬಾಡಿಗೆ ನಿಯಂತ್ರಣ ಕಾಯ್ದೆಗಳು. ಎರಡನೆಯ ಮಹಾಯುದ್ಧದ ಕಾಲಕ್ಕೆ ನಗರಗಳು ತುಂಬಿ ತುಳುಕಿ, ದೇಶ ವಿಭಜನೆಯಾದಾಗ ದೆಹಲಿ, ಕಲ್ಕತ್ತಾ, ಮುಂಬೈಗಳಲ್ಲಿ ತಲೆಯ ಮೇಲೊಂದು ಸೂರು ಸಿಕ್ಕುವುದೇ ದುರ್ಲಭವಾಗಿತ್ತು. ಸಿಕ್ಕ ಮನೆಯ ಒಂದು ಕೋಣೆಯನ್ನು ಇನ್ನೊಂದು ಕುಟುಂಬಕ್ಕೆ ಕೊಡುವುದು, ಅಂಗಡಿಯ ಮುಂಗಟ್ಟನ್ನು ಮತ್ತೊಬ್ಬನಿಗೆ ಬಿಡುವುದು ಎಲ್ಲ ಕಡೆ ನಡೆಯಿತು. ಕಾಯ್ದೆಗಳು ಒಳಬಾಡಿಗೆಯನ್ನು ನಿಷೇಧಿಸಿದವು, ಆದರೆ ಆಗಾಗ ಒಂದು ತಾರೀಕು ಗೊತ್ತುಮಾಡಿ ಅದಕ್ಕೆ ಮೊದಲಿನದ್ದನ್ನು ಕ್ಷಮಿಸಿದವು. ದೆಹಲಿಯಲ್ಲಿ ಆ ತಾರೀಕು 1952ರ ಜೂನ್ 9. ಅದಕ್ಕೆ ಮುಂಚೆ ಒಳಬಾಡಿಗೆ ಪಡೆದು, 1958ರ ಕಾಯ್ದೆ ಬರುವ ಹೊತ್ತಿಗೂ ಅಲ್ಲೇ ಇದ್ದವನಿಗೆ ಮಾಲೀಕನ ಒಪ್ಪಿಗೆ ಇಲ್ಲದಿದ್ದರೂ ಒಳಬಾಡಿಗೆ ಕಾನೂನುಬದ್ಧವೆಂದೇ ಲೆಕ್ಕ. ಕ್ರಮವಾಗಿ ಮಾಲೀಕನಿಗೆ ತಿಳಿಸಿದ್ದರೆ, ಮೂಲ ಬಾಡಿಗೆದಾರ ಹೊರಬಿದ್ದ ಮೇಲೆ ಅವನೇ ನೇರ ಬಾಡಿಗೆದಾರನಾಗುತ್ತಿದ್ದ. ಮುಂಬೈಯಲ್ಲಿ ಒಂದು ತಾರೀಕು 1959ರ ಮೇ 21, ಇನ್ನೊಂದು 1973ರ ಫೆಬ್ರವರಿ 1. ಈ ಎರಡನೆಯ ತಾರೀಕಿಗೆ ಮುಂದೆ ಮತ್ತೆ ಬರಬೇಕಿದೆ. ಶಾಸಕರಿಗೆ ನಗರ ಹೇಗೆ ಬದುಕುತ್ತದೆ ಎಂಬ ಅರಿವಿತ್ತು ಎನ್ನುವುದಕ್ಕೆ ಈ ತಾರೀಕುಗಳೇ ಸಾಕ್ಷಿ.

ಆದರೆ ಈ ಕ್ಷಮೆ ಖಾಸಗಿ ಮಾಲೀಕನ ಲೆಕ್ಕದಿಂದ ಕೊಟ್ಟದ್ದು. ಬಾಡಿಗೆ ಕಾಯ್ದೆಗಳು ಸಾಮಾನ್ಯವಾಗಿ ಸರ್ಕಾರದ ಸ್ವಂತ ಕಟ್ಟಡಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟವು. ಹಾಗೇಕೆ, ಸರ್ಕಾರದ ಬಾಡಿಗೆದಾರ ಬಾಡಿಗೆದಾರನಲ್ಲವೆ ಎಂಬ ಪ್ರಶ್ನೆ 1950ರ ದಶಕದ ಆರಂಭದಲ್ಲೇ ಬಾಂಬೆ ಹೈಕೋರ್ಟಿಗೆ ಬಂತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಕೊಟ್ಟ ಕಾರಣದ ತಿರುಳು ಇಷ್ಟು: ಲಾಭಕೋರ ಮಾಲೀಕರು ಬಾಡಿಗೆ ಏರಿಸುವುದನ್ನೂ ಜನರನ್ನು ಹೊರಹಾಕುವುದನ್ನೂ ತಡೆಯಲೆಂದು ಕಾನೂನು ಮಾಡಿದ ಸರ್ಕಾರ ತಾನೇ ಆ ಕೆಲಸಕ್ಕೆ ಇಳಿಯುತ್ತದೆ ಎಂದು ಊಹಿಸಲಾಗದು. ಆಗ ಗಣರಾಜ್ಯಕ್ಕೆ ಎರಡೋ ಮೂರೋ ವರ್ಷ ವಯಸ್ಸು. ಈ ಮಾತನ್ನು ಇಂದು ಓದಿದರೆ ಎದ್ದು ಕಾಣುವುದು ಅದರ ಮುಗ್ಧತೆಯಲ್ಲ, ಅದರ ಷರತ್ತು. ವಿನಾಯಿತಿ ಕೊಟ್ಟದ್ದು ಸರ್ಕಾರ ಒಳ್ಳೆಯ ಮಾಲೀಕನಾಗಿರುತ್ತದೆ ಎಂಬ ನಂಬಿಕೆಯ ಮೇಲೆ. ಬಾಂಬೆ ಪೋರ್ಟ್ ಟ್ರಸ್ಟ್‌ಗೆ ಸಂಬಂಧಿಸಿದ 1989ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಬಾಯಿಬಿಟ್ಟು ಹೇಳಿತು: ವಿನಾಯಿತಿ ಪಡೆದ ಸಾರ್ವಜನಿಕ ಸಂಸ್ಥೆ ಖಾಸಗಿ ಮಾಲೀಕನ ಹಾಗೆ ಮನಸ್ಸಿಗೆ ಬಂದಂತೆ ನಡೆದುಕೊಳ್ಳುವಂತಿಲ್ಲ, ಅದರ ಪ್ರತಿ ನಡೆಗೂ ನ್ಯಾಯವಾದ ಕಾರಣವಿರಬೇಕು.

ಅಷ್ಟರಲ್ಲಿ ಸರ್ಕಾರ ವಿನಾಯಿತಿಯಿಂದ ಒಂದು ಹೆಜ್ಜೆ ಮುಂದೆ ಹೋಗಿ ತನಗೇ ಬೇರೊಂದು ದಾರಿ ಮಾಡಿಕೊಂಡಿತ್ತು. 1950ರಲ್ಲಿ ಸರ್ಕಾರಿ ಆವರಣಗಳ ತೆರವು ಕಾಯ್ದೆ ಬಂತು. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ವರ್ಷಗಟ್ಟಲೆ ಕಾಯುವ ಬದಲು ಸರ್ಕಾರದ ಅಧಿಕಾರಿಯೇ ನೋಟಿಸ್ ಕೊಟ್ಟು ಹೊರಹಾಕುವ ದಾರಿ ಅದು. ಕಲ್ಕತ್ತಾ, ಅಲಹಾಬಾದ್, ಪಂಜಾಬ್ ಹೈಕೋರ್ಟುಗಳು ಒಂದಾದ ಮೇಲೊಂದು ಅದನ್ನು ಸಂವಿಧಾನಬಾಹಿರ ಎಂದವು. 1958ರಲ್ಲಿ ಹೊಸ ಕಾಯ್ದೆ ಬಂತು.

1967ರಲ್ಲಿ ಚಂಡೀಗಢದ ಮೌಂಟ್ ವ್ಯೂ ಹೋಟೆಲಿನ ಗುತ್ತಿಗೆಯ ಜಗಳ ಸುಪ್ರೀಂ ಕೋರ್ಟಿಗೆ ಬಂದಾಗ, ಪಂಜಾಬಿನ ಇಂಥದೇ ಕಾಯ್ದೆಯ ಮುಖ್ಯ ಸೆಕ್ಷನ್ ಮೂರು ಮತಗಳಿಗೆ ಎರಡು ಮತಗಳಿಂದ ಬಿದ್ದುಹೋಯಿತು. ಕೋರ್ಟಿನ ಆಕ್ಷೇಪಣೆ ಇಷ್ಟು: ಸರ್ಕಾರಕ್ಕೆ ಎರಡು ದಾರಿ ಇವೆ, ಸಿವಿಲ್ ದಾವೆ ಒಂದು, ಈ ದಿಢೀರ್ ವಿಧಾನ ಇನ್ನೊಂದು. ಯಾರ ಮೇಲೆ ಯಾವ ದಾರಿ ಹಿಡಿಯಬೇಕೆಂಬುದಕ್ಕೆ ನಿಯಮವೇ ಇಲ್ಲದ್ದರಿಂದ ಒಬ್ಬನಿಗೆ ಸಾವಧಾನ, ಇನ್ನೊಬ್ಬನಿಗೆ ಅವಸರ. ಇದು ಸಮಾನತೆಯ ಉಲ್ಲಂಘನೆ. ಸಂಸತ್ತು ಇದಕ್ಕೆ ಕಂಡುಕೊಂಡ ಪರಿಹಾರ ನೋಡಿ. ಸಿವಿಲ್ ಕೋರ್ಟಿನ ದಾರಿಯನ್ನೇ ಮುಚ್ಚಿಬಿಟ್ಟಿತು. ಇನ್ನು ಎಲ್ಲರಿಗೂ ಒಂದೇ ದಾರಿ, ಅವಸರದ್ದು. ಸಮಾನತೆ ಬಂತು. 1971ರ ಕಾಯ್ದೆ ಇದನ್ನು ಗಟ್ಟಿಮಾಡಿ, 1958ರ ಸೆಪ್ಟೆಂಬರ್ 16ರಿಂದಲೇ ತಾನು ಜಾರಿಯಲ್ಲಿದ್ದಂತೆ ಭಾವಿಸಬೇಕು ಎಂದು ಘೋಷಿಸಿಕೊಂಡಿತು. 1972ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 1974ರಲ್ಲಿ ಮೌಂಟ್ ವ್ಯೂ ತೀರ್ಪನ್ನೇ ತಳ್ಳಿಹಾಕಿತು.

1971ರ ಕಾಯ್ದೆಯ ಜೀವ ಇರುವುದು ‘ಅನಧಿಕೃತ ಅಧಿಭೋಗ’ ಎಂಬುದರ ವ್ಯಾಖ್ಯೆಯಲ್ಲಿ. ಅಧಿಕಾರವಿಲ್ಲದೆ ಇರುವುದು ಒಂದು ಬಗೆ. ಕೊಟ್ಟ ಅಧಿಕಾರ ಮುಗಿದ ಮೇಲೂ ಅಥವಾ ಯಾವುದೇ ಕಾರಣಕ್ಕೆ ರದ್ದಾದ ಮೇಲೂ ಮುಂದುವರಿಯುವುದು ಇನ್ನೊಂದು. ಬಾಡಿಗೆದಾರ ಎರಡನೆಯ ಬಗೆಯವನು. ಅವನಿಗೆ ಒಂದು ಕಾಲದಲ್ಲಿ ಅಧಿಕಾರವಿತ್ತು, ಅದು ಮುಗಿಯಿತೋ ಇಲ್ಲವೋ ಎಂದು ವಾದಿಸಬಹುದು. ಒಪ್ಪಿಗೆಯಿಲ್ಲದೆ ಬಂದ ಒಳಬಾಡಿಗೆದಾರ ಮೊದಲನೆಯ ಬಗೆಯವನು. ಇಪ್ಪತ್ತು ವರ್ಷ ತಪ್ಪದೆ ಬಾಡಿಗೆ ಕಟ್ಟಿದ್ದರೂ ಅದು ಕಟ್ಟಬೇಕಾದವರಿಗೆ ಕಟ್ಟಿದ್ದಲ್ಲ. ಕಾನೂನಿನ ಕಣ್ಣಿಗೆ ಅವನು ಬಂದ ದಿನವೂ ಅನಧಿಕೃತ, ಹೊರಡುವ ದಿನವೂ ಅನಧಿಕೃತ.

ಸರ್ಕಾರಿ ಕಟ್ಟಡ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಹಳದಿ ಬಣ್ಣದ ಕ್ವಾರ್ಟರ್ಸು, ಕಚೇರಿ, ರೈಲ್ವೆ ಸ್ಟೇಷನ್ನು. ಆದರೆ ಈ ಚರಿತ್ರೆಯ ದೊಡ್ಡ ತಿರುವು ಇರುವುದು ಸರ್ಕಾರ ಕಟ್ಟಿಸದ ಕಟ್ಟಡಗಳಲ್ಲಿ. 1956ರಲ್ಲಿ ಜೀವವಿಮಾ ನಿಗಮ ಹುಟ್ಟಿದಾಗ ಖಾಸಗಿ ವಿಮಾ ಕಂಪನಿಗಳ ಕಟ್ಟಡಗಳು ಅದರ ಪಾಲಿಗೆ ಬಂದವು. 1969ರಲ್ಲಿ 14 ಬ್ಯಾಂಕುಗಳು, 1980ರಲ್ಲಿ ಇನ್ನೂ ಆರು ರಾಷ್ಟ್ರೀಕರಣವಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಮೊದಲ ಪಟ್ಟಿಯಲ್ಲಿದ್ದವು, ಕಾರ್ಪೊರೇಷನ್ ಮತ್ತು ವಿಜಯಾ ಎರಡನೆಯದರಲ್ಲಿ. ನಡುವೆ, 1973ರ ಜನವರಿಯಿಂದ ಸಾಮಾನ್ಯ ವಿಮಾ ವ್ಯವಹಾರವೂ ಸರ್ಕಾರದ್ದಾಯಿತು. ಈ ಕಂಪನಿಗಳು ತಮ್ಮ ಹಣವನ್ನು ನಗರಗಳ ಒಳ್ಳೊಳ್ಳೆಯ ರಸ್ತೆಗಳ ಕಟ್ಟಡಗಳಲ್ಲಿ ಹೂಡಿದ್ದವು. ಅವುಗಳಲ್ಲಿ ಬಾಡಿಗೆದಾರರಿದ್ದರು, ಬಾಡಿಗೆದಾರರ ಕೆಳಗೆ ಒಳಬಾಡಿಗೆದಾರರಿದ್ದರು. ರಾತ್ರಿ ಮಲಗುವಾಗ ಖಾಸಗಿ ಮಾಲೀಕನ ಕಟ್ಟಡದಲ್ಲಿ ಬಾಡಿಗೆ ಕಾಯ್ದೆಯ ರಕ್ಷಣೆಯೊಂದಿಗೆ ಮಲಗಿದವರು ಬೆಳಿಗ್ಗೆ ಎದ್ದಾಗ ಸಾರ್ವಜನಿಕ ಆವರಣದಲ್ಲಿದ್ದರು. ಹಾಸಿಗೆ ಅದೇ, ಬಾಡಿಗೆಯೂ ಅದೇ. ರಾಷ್ಟ್ರೀಕರಣದ ಪರವಾಗಿ ಆಗ ಆಡಿದ ಮಾತುಗಳೆಲ್ಲ ಬಡವರು, ರೈತರು, ಸಣ್ಣ ಉದ್ಯಮಿಗಳ ಹೆಸರಿನಲ್ಲಿದ್ದವು. ಆ ಕಟ್ಟಡಗಳ ಮಹಡಿಗಳಲ್ಲಿ ಕೂತ ಸಣ್ಣ ವ್ಯಾಪಾರಿಯ ಮೇಲೆ ಇದರ ಪರಿಣಾಮವೇನು ಎಂದು ಕೇಳಲು ಎರಡು ದಶಕ ಬೇಕಾಯಿತು.

ಕೇಳಿದ್ದು ಅಶೋಕ ಮಾರ್ಕೆಟಿಂಗ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ನಡುವಿನ ಪ್ರಕರಣದಲ್ಲಿ, 1990ರಲ್ಲಿ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ. ಈ ಕಾಯ್ದೆ ಬಂದದ್ದು ಅತಿಕ್ರಮಣಕಾರರಿಗಾಗಿ, ಕ್ರಮವಾಗಿ ಒಳಬಂದ ಬಾಡಿಗೆದಾರರಿಗಲ್ಲ ಎಂಬುದು ಬಾಡಿಗೆದಾರರ ವಾದ. ಕೋರ್ಟ್ ಒಪ್ಪಲಿಲ್ಲ. ಬಾಡಿಗೆ ಕಾಯ್ದೆಯೂ ವಿಶೇಷ ಕಾಯ್ದೆ, ಇದೂ ವಿಶೇಷ ಕಾಯ್ದೆ. ಎರಡೂ ಢಿಕ್ಕಿ ಹೊಡೆದಾಗ ಸಾರ್ವಜನಿಕ ಆವರಣಗಳ ಮಟ್ಟಿಗೆ ನಂತರ ಬಂದ 1971ರ ಕಾಯ್ದೆಯೇ ಮೇಲು ಎಂದಿತು. ಬ್ಯಾಂಕು, ವಿಮಾ ಕಂಪನಿಗಳ ಬಾಡಿಗೆದಾರರಿಗೆ ಬಾಡಿಗೆ ಕಾಯ್ದೆಯ ಸೂರು ಅಲ್ಲಿಗೆ ಹೋಯಿತು.

ಹೀಗಿರುವಾಗ 2014ರಲ್ಲಿ, ಅದೂ ಒಳಬಾಡಿಗೆಗೆ ತೀರ ಹತ್ತಿರದ ಒಂದು ಪ್ರಕರಣದಲ್ಲಿ, ಬಾಗಿಲು ಸ್ವಲ್ಪ ತೆರೆಯಿತು. ಮುಂಬೈಯ ಖಾಸಗಿ ವಿಮಾ ಕಂಪನಿಯೊಂದರ ಕಟ್ಟಡದಲ್ಲಿದ್ದ ಬಾಡಿಗೆದಾರರೊಬ್ಬರು 1972ರ ಡಿಸೆಂಬರಿನಲ್ಲಿ ತಮ್ಮ ಫ್ಲ್ಯಾಟನ್ನು ಒಬ್ಬ ವೈದ್ಯರಿಗೆ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನ ಮೇಲೆ ಬಿಟ್ಟುಕೊಟ್ಟರು. ಎರಡು ತಿಂಗಳೊಳಗೆ ಆ ಕ್ಷಮೆಯ ತಾರೀಕು ಬಂತು. 1973ರ ಫೆಬ್ರವರಿ 1ರಂದು ಇಂಥ ಕರಾರಿನ ಮೇಲೆ ಜಾಗದಲ್ಲಿದ್ದವರೆಲ್ಲ ಬಾಡಿಗೆದಾರರೆಂದೇ ಪರಿಗಣಿತರಾದರು. 1974ರ ಜನವರಿ 1ರಂದು ಆ ವಿಮಾ ಕಂಪನಿ ಓರಿಯಂಟಲ್‌ನಲ್ಲಿ ವಿಲೀನವಾಗಿ ಕಟ್ಟಡ ಸಾರ್ವಜನಿಕ ಆವರಣವಾಯಿತು. ಈ ಮೂರು ತಾರೀಕುಗಳ ನಡುವೆ ಇರುವುದು ಹದಿಮೂರು ತಿಂಗಳೂ ಇಲ್ಲ. ಹನ್ನೊಂದು ತಿಂಗಳ ಕಾಲ ಕಾನೂನಿನ ಬಾಡಿಗೆದಾರರಾಗಿದ್ದ ಆ ವೈದ್ಯರು ಆಮೇಲೆ ಅನಧಿಕೃತರಾದರೆ? ಅವರು ಒಳಬಂದು ನಲವತ್ತು ವರ್ಷ ಕಳೆದ ಮೇಲೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು: ಕಟ್ಟಡ ಸಾರ್ವಜನಿಕವಾಗುವ ಮೊದಲೇ ಬಾಡಿಗೆ ಕಾಯ್ದೆಯ ರಕ್ಷಣೆ ಪಡೆದಿದ್ದವರನ್ನು 1971ರ ಕಾಯ್ದೆಯಡಿ ಹೊರಹಾಕುವಂತಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಒಬ್ಬರ ಹಕ್ಕು ಮಾಯವಾಗದು.

ಐವರ ಪೀಠ ಹೇಳಿದ್ದಕ್ಕೆ ಇಬ್ಬರ ಪೀಠ ಹೀಗೆ ಎಲ್ಲೆ ಹಾಕಬಹುದೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಜೀವವಿಮಾ ನಿಗಮದ ಪ್ರಕರಣವೊಂದರಲ್ಲಿ ಅದು ಮೂವರ ಪೀಠಕ್ಕೆ ಹೋಯಿತು. 2025ರ ಡಿಸೆಂಬರಿನಲ್ಲಿ ಆ ಪೀಠ 2014ರ ತೀರ್ಪು ಸರಿಯಲ್ಲ, ಅದು ಸಂವಿಧಾನ ಪೀಠದ ಮಾತಿಗೆ ಹೊಂದುವುದಿಲ್ಲ ಎಂದಿತು. ಯಾರು ಯಾವಾಗ ಒಳಬಂದರು ಎಂಬುದು ಇನ್ನು ಮುಖ್ಯವಲ್ಲ. ಕಟ್ಟಡ ಇಂದು ಸಾರ್ವಜನಿಕವೇ, ಇರುವವನಿಗೆ ಇಂದು ಅಧಿಕಾರವಿದೆಯೇ, ಇಷ್ಟೇ. ಪೂರ್ವನಿದರ್ಶನದ ಶಿಸ್ತಿನ ದೃಷ್ಟಿಯಿಂದ ಇದನ್ನು ಒಪ್ಪಬೇಕಾಗುತ್ತದೆ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಕಾಡುವುದು ಬೇರೆ. 2014ರ ತೀರ್ಪು ಒಳಗಿರುವವರಿಗೆ ಒಂದು ಭೂತಕಾಲವಿದೆ ಎಂದು ಒಪ್ಪಿತ್ತು. ಈಗ ಕಾನೂನು ನೋಡುವುದು ವರ್ತಮಾನವನ್ನು ಮಾತ್ರ.

ಕರ್ನಾಟಕದಲ್ಲಿ ಈ ಕಥೆಗೆ ಒಂದು ವಿಚಿತ್ರ ಜೋಡಿ ಇದೆ. ನಮ್ಮ ರಾಜ್ಯದ ಸಾರ್ವಜನಿಕ ಆವರಣಗಳ ಕಾಯ್ದೆ 1974ರದ್ದು, ಆ ವರ್ಷದ 32ನೇ ಕಾಯ್ದೆ. ಅದಕ್ಕೆ ಮೊದಲು 1961ರ ಮೈಸೂರು ಕಾಯ್ದೆ ಇತ್ತು. ಎಸ್ಟೇಟ್ ಆಫೀಸರ್ ಬದಲು ಸಕ್ಷಮ ಅಧಿಕಾರಿ ಎಂಬ ಹೆಸರು, ಉಳಿದಂತೆ ಅದೇ ಅಚ್ಚು: ನೋಟಿಸ್, ಆದೇಶ, ಜಿಲ್ಲಾ ನ್ಯಾಯಾಧೀಶರಲ್ಲಿ ಮೇಲ್ಮನವಿ. ಆದರೆ 1974 ಎಂದರೆ ಕನ್ನಡಿಗರಿಗೆ ನೆನಪಾಗುವುದು ಬೇರೊಂದು ಕಾನೂನು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ. ಅದರಂತೆ ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತ.

ಹಳೆಯ ದಕ್ಷಿಣ ಕನ್ನಡದ ಗೇಣಿ ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಮೇಲೆ ಮೂಲಿ ವರ್ಗದಾರ, ಅವನ ಕೆಳಗೆ ಶಾಶ್ವತ ಗೇಣಿಯ ಮೂಲಗೇಣಿದಾರ. ಮೂಲಗೇಣಿದಾರ ಎಷ್ಟೋ ಕಡೆ ತಾನು ಉಳದೆ ಜಮೀನನ್ನು ವಾಯಿದೆಯ ಮೇಲೆ ಚಾಲಗೇಣಿಗೆ ಕೊಡುತ್ತಿದ್ದ. ಕೆಸರಿಗೆ ಇಳಿಯುವವನು ಚಾಲಗೇಣಿದಾರ. ನಗರದ ಭಾಷೆಗೆ ತಿರುಗಿಸಿದರೆ ಅವನು ಒಳಬಾಡಿಗೆದಾರನೇ. ಭೂಸುಧಾರಣೆಯ ಕಾನೂನು ಅವನನ್ನು ಕೇಳಿದ ಮುಖ್ಯ ಪ್ರಶ್ನೆ, ಸ್ವತಃ ಸಾಗುವಳಿ ಮಾಡುತ್ತಿದ್ದೀಯಾ ಎಂದು. ಕಾಗದ ಇಲ್ಲದವನು ಅಕ್ಕಪಕ್ಕದವರ ಸಾಕ್ಷ್ಯ ಕೊಡಬಹುದಿತ್ತು. ಅದೇ ವರ್ಷ ಅದೇ ವಿಧಾನಮಂಡಲ ಮಾಡಿದ ಇನ್ನೊಂದು ಕಾನೂನು ಊರಿನ ಮಳಿಗೆಯಲ್ಲಿ ಕೂತವನನ್ನು ಕೇಳಿದ್ದು, ನಿನ್ನ ಹತ್ತಿರ ಯಾರ ಅಪ್ಪಣೆ ಇದೆ ಎಂದು. ಹೊಲದಲ್ಲಿ ಕೈ ನೋಡಿದ ಕಣ್ಣು ಪೇಟೆಯಲ್ಲಿ ಕಾಗದ ನೋಡಿತು.

ಇದನ್ನು ಬರಿಯ ವಿರೋಧಾಭಾಸ ಎಂದು ಬಿಡುವುದು ಸುಲಭ. ಆದರೆ ಎರಡರ ನಡುವೆ ಒಂದು ಸಾಮ್ಯವಿದೆ. ಭೂಸುಧಾರಣಾ ಕಾಯ್ದೆಯ 107ನೇ ಸೆಕ್ಷನ್ ಸರ್ಕಾರಕ್ಕೆ ಸೇರಿದ ಜಮೀನುಗಳನ್ನು ಆ ಕಾಯ್ದೆಯ ವ್ಯಾಪ್ತಿಯಿಂದ ಹೆಚ್ಚುಕಡಿಮೆ ಪೂರ್ತಿ ಹೊರಗಿಟ್ಟಿತು. ಬಾಡಿಗೆ ಕಾಯ್ದೆಯಲ್ಲಿ ಕಂಡದ್ದೇ ಇಲ್ಲಿಯೂ. ಉಳುವವನೇ ಒಡೆಯ, ಒಡೆಯ ಸರ್ಕಾರವಾಗಿರದಿದ್ದರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು, ಇಲ್ಲದಿದ್ದರೆ ಇದು ಒಳಬಾಡಿಗೆಯ ಪರವಾದ ವಕಾಲತ್ತಾಗಿಬಿಡುತ್ತದೆ. ಸಾರ್ವಜನಿಕ ಆಸ್ತಿಯ ಒಳಬಾಡಿಗೆ ಎಷ್ಟೋ ಕಡೆ ಶುದ್ಧ ದಂಧೆ. ಹರಾಜಿನಲ್ಲೋ ಮೀಸಲಾತಿಯಲ್ಲೋ ಮಳಿಗೆ ಹಿಡಿದವನು ಪುರಸಭೆಗೆ ಹಳೆಯ ಕಾಲದ ಬಾಡಿಗೆ ಕಟ್ಟುತ್ತಾನೆ. ಅದೇ ಮಳಿಗೆಯನ್ನು ಇನ್ನೊಬ್ಬನಿಗೆ ಪೇಟೆಯ ದರಕ್ಕೆ ಬಿಟ್ಟು, ಮುಂಗಡವನ್ನೂ ಎಣಿಸಿಕೊಂಡು ಮನೆಯಲ್ಲಿ ಕೂರುತ್ತಾನೆ. ನಡುವಿನ ವ್ಯತ್ಯಾಸ ಊರಿನ ರಸ್ತೆಗೆ, ನಲ್ಲಿಗೆ ಹೋಗಬೇಕಾದ ದುಡ್ಡು. ನೌಕರನಿಗೆಂದು ಕೊಟ್ಟ ಸರ್ಕಾರಿ ಕ್ವಾರ್ಟರ್ಸನ್ನು ಅವನು ಇನ್ನೊಬ್ಬರಿಗೆ ಬಾಡಿಗೆಗೆ ಬಿಟ್ಟರೆ, ಸರದಿಯಲ್ಲಿ ನಿಂತ ಮತ್ತೊಬ್ಬ ನೌಕರನಿಗೆ ಮನೆಯಿಲ್ಲ. ಇದನ್ನು ತಡೆಯಲು ಸರ್ಕಾರಕ್ಕೆ ಬಿಗಿಯಾದ ಕಾನೂನು ಬೇಕೇ ಬೇಕು. ಆದರೆ ಈ ದಂಧೆಯಲ್ಲಿ ಲಾಭ ಮಾಡುವವನು ನಡುವಿನವನು. ಹೆಚ್ಚು ಬಾಡಿಗೆ ತೆರುವವನು ಒಳಗಿನವನು. ಬೀಗ ಬಿದ್ದಾಗ ನಡುವಿನವನಿಗೆ ಒಂದು ಆದಾಯ ನಿಲ್ಲುತ್ತದೆ. ಒಳಗಿನವನಿಗೆ ಅಂಗಡಿ ಹೋಗುತ್ತದೆ, ಗಿರಾಕಿ ಹೋಗುತ್ತಾನೆ, ಕೊಟ್ಟ ಮುಂಗಡವನ್ನು ಯಾರಲ್ಲಿ ಕೇಳಬೇಕೆಂದೂ ತಿಳಿಯುವುದಿಲ್ಲ, ಏಕೆಂದರೆ ಅದಕ್ಕೆ ರಸೀತಿಯೇ ಇರುವುದಿಲ್ಲ.

ರಸೀತಿ ಇರದಿರುವುದು ಆಕಸ್ಮಿಕವಲ್ಲ. ಜೀವವಿಮಾ ನಿಗಮ ಎದುರು ಪಕ್ಷವಾಗಿದ್ದ 1998ರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಲೋಕಜ್ಞಾನದಿಂದಲೇ ಗುರುತಿಸಿತು. ಒಳಬಾಡಿಗೆ ಬಾಡಿಗೆದಾರ ಮತ್ತು ಒಳಬಾಡಿಗೆದಾರರ ನಡುವೆ ಮಾಲೀಕನ ಕಣ್ಣಿಗೆ ಬೀಳದಂತೆ ನಡೆಯುವ ವ್ಯವಹಾರ. ನೇರ ಸಾಕ್ಷ್ಯ ಸಿಗುವುದು ಕಷ್ಟ. ಆದ್ದರಿಂದ ಜಾಗ ಬೇರೊಬ್ಬನ ವಶದಲ್ಲಿ ಪೂರ್ತಿಯಾಗಿ ಇದ್ದರೆ ಹಣ ಕೈ ಬದಲಾಯಿಸಿದೆ ಎಂದು ಊಹಿಸಬಹುದು ಎಂದಿತು. ಹಾಗಾಗಿ ಜನ ವೇಷ ಹಾಕುತ್ತಾರೆ. ಒಳಬಾಡಿಗೆದಾರ ಕಾಗದದ ಮೇಲೆ ಪಾಲುದಾರನಾಗುತ್ತಾನೆ, ಮ್ಯಾನೇಜರಾಗುತ್ತಾನೆ, ಎಷ್ಟೋ ಸಲ ದೂರದ ನೆಂಟನಾಗುತ್ತಾನೆ. ಬೋರ್ಡಿನಲ್ಲಿ ಹಳೆಯ ಹೆಸರೇ ಉಳಿಯುತ್ತದೆ.

ಬಾಗಿಲ ಮೇಲಿನ ಕಾಗದಕ್ಕೆ ಉತ್ತರಿಸಲು ಈ ವೇಷಧಾರಿ ಹೋದರೆ ಏನಾಗುತ್ತದೆ? ‘ನಾನು ಇಲ್ಲಿ ಬಾಡಿಗೆ ಕಟ್ಟುತ್ತಿದ್ದೇನೆ’ ಎಂದು ನಿಜ ಹೇಳಿದರೆ ಒಳಬಾಡಿಗೆ ಅವನ ಬಾಯಿಂದಲೇ ಸಾಬೀತಾಯಿತು. ತನ್ನದೂ ಹೋಯಿತು, ತನಗೆ ಜಾಗ ಕೊಟ್ಟವನದೂ ಹೋಯಿತು. ‘ನಾನು ಬರೀ ಮ್ಯಾನೇಜರು’ ಎಂದರೆ, ಸರಿ, ನಿನಗೆ ಇಲ್ಲಿ ಯಾವ ಹಕ್ಕೂ ಇಲ್ಲ ಎಂದಾಯಿತು. ಕಾನೂನು ಅವನ ಅಹವಾಲು ಕೇಳಲು ಸಿದ್ಧವಿದೆ. ನೋಟಿಸ್ ಎಲ್ಲರಿಗೂ ಎಂಬುದರ ಅರ್ಥವೇ ಅದು, ಯಾರು ಬೇಕಾದರೂ ಬಂದು ಕಾರಣ ಹೇಳಬಹುದು. ಆದರೆ ಅವನ ಬಳಿ ಇರುವ ಪ್ರತಿ ಉತ್ತರವೂ ಅವನ ವಿರುದ್ಧದ ಸಾಕ್ಷ್ಯ. ನಾನು ಓದಿದ ತೀರ್ಪುಗಳಲ್ಲಿ ಇವನು ಮೌನವಾಗಿರುವುದೇಕೆ ಎಂಬುದಕ್ಕೆ ನನಗೆ ತೋಚುವ ವಿವರಣೆ ಇದು. ಅವನ ಪರವಾಗಿ ಬಾಡಿಗೆದಾರ ಮಾತಾಡುತ್ತಾನೆ, ಮತ್ತು ಬಾಡಿಗೆದಾರ ಹೇಳುವುದು ಒಂದೇ ಮಾತು: ಅಂಥವರು ಯಾರೂ ಇಲ್ಲ.

ಸರ್ಕಾರ ತನ್ನ ಬಲ ತನಗೇ ಹೆಚ್ಚಾಯಿತೇನೋ ಎಂದು ಯೋಚಿಸಿದ್ದೂ ಉಂಟು. ಬ್ಯಾಂಕು, ವಿಮಾ ಸಂಸ್ಥೆಗಳು ಪೇಟೆಯ ಬಾಡಿಗೆ ವಸೂಲಿಗಾಗಿ ಈ ಕಾಯ್ದೆಯನ್ನು ಬೆದರಿಕೆಯಾಗಿ ಬಳಸುತ್ತಿವೆ ಎಂಬ ದೂರುಗಳು ಬಂದಾಗ ಕೇಂದ್ರ ಸರ್ಕಾರ ಮಾರ್ಗಸೂಚಿಗಳನ್ನು ಹೊರಡಿಸಿತು. ಅವುಗಳಲ್ಲಿ 2002ರ ಮೇ 30ರದ್ದು ಪ್ರಸಿದ್ಧ. ಮೂಲ ಬಾಡಿಗೆದಾರರು ಇರುವ ಕಡೆ ವ್ಯಾಪಾರದ ಉದ್ದೇಶದಿಂದಾಗಲಿ ತಮ್ಮ ನೌಕರರಿಗೆ ಜಾಗ ಮಾಡಿಕೊಡಲಾಗಲಿ ಕಾಯ್ದೆಯನ್ನು ಬಳಸಬಾರದು ಎಂದು ಅದು ಹೇಳುತ್ತದೆ. ಹಾಗಾದರೆ ಯಾರ ಮೇಲೆ ಬಳಸಬೇಕು? ಅದಕ್ಕೂ ಅಲ್ಲೇ ಉತ್ತರವಿದೆ. ಮುಖ್ಯವಾಗಿ ಪೂರ್ತಿ ಅನಧಿಕೃತರ ಮೇಲೆ, ಕೆಲಸ ಬಿಟ್ಟ ಮೇಲೂ ಮನೆ ಬಿಡದ ನೌಕರರ ಮೇಲೆ, ಮತ್ತು ಒಳಬಾಡಿಗೆಗೆ ಬಂದವರ ಮೇಲೆ. ದಯೆಯ ಈ ಕಾಗದದಲ್ಲೂ ಒಳಬಾಡಿಗೆದಾರ ನಿಂತಿರುವುದು ಅತಿಕ್ರಮಣಕಾರನ ಪಕ್ಕದಲ್ಲಿ. ಕೋರ್ಟುಗಳು ಈ ಮಾರ್ಗಸೂಚಿಗಳನ್ನು ಸಲಹೆಯಂತೆ ಕಂಡಿವೆ, ಕಾನೂನಿನಂತೆ ಅಲ್ಲ. ಹಾಗಾಗಿ ರಕ್ಷಣೆಯ ಭಾಗ ಸಡಿಲ, ಅವನನ್ನು ಹೊರಹಾಕುವ ಭಾಗಕ್ಕೆ ಮಾತ್ರ ಹಿಂದಿನಿಂದ ಕಾಯ್ದೆಯದೇ ಆಸರೆ.

ಆದೇಶವಾದ ಮೇಲೆ ಏನಾಗುತ್ತದೆ ಎಂಬುದನ್ನು ಕಾಯ್ದೆಯ ಮುಂದಿನ ಸೆಕ್ಷನ್ನುಗಳು ತಣ್ಣಗೆ ವಿವರಿಸುತ್ತವೆ. ಹೊರಡುವ ಆದೇಶವನ್ನೂ ಬಾಗಿಲಿಗೇ ಅಂಟಿಸಲಾಗುತ್ತದೆ. ಹೊರಡದಿದ್ದರೆ ಬೇಕಾದಷ್ಟು ಬಲ ಬಳಸಿ ವಶಕ್ಕೆ ಪಡೆಯಬಹುದು. ಒಳಗೆ ಉಳಿದ ಸಾಮಾನನ್ನು, ಆರನೆಯ ಸೆಕ್ಷನ್ನಿನ ಪ್ರಕಾರ, 14 ದಿನಗಳ ನೋಟಿಸ್ ಕೊಟ್ಟು, ಆ ಭಾಗದಲ್ಲಿ ಓದುವ ಪತ್ರಿಕೆಯಲ್ಲಿ ಪ್ರಕಟಿಸಿ, ಹರಾಜು ಹಾಕಬಹುದು. ಏಳನೆಯ ಸೆಕ್ಷನ್ ನಷ್ಟ ಪರಿಹಾರದ್ದು. ಅನಧಿಕೃತವಾಗಿ ಇದ್ದವನು ಇದ್ದಷ್ಟು ಕಾಲಕ್ಕೂ ಸರ್ಕಾರಕ್ಕೆ ನಷ್ಟ ತುಂಬಿಕೊಡಬೇಕು. ಆ ತಿಂಗಳುಗಳ ಬಾಡಿಗೆಯನ್ನು ಅವನು ನಡುವಿನವನಿಗೆ ಆಗಲೇ ಕೊಟ್ಟಾಗಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದು ಅವರಿಬ್ಬರ ನಡುವಿನ ವಿಷಯ, ಮತ್ತು ಅದಕ್ಕೆ ರಸೀತಿ ಇಲ್ಲ. ಕಟ್ಟದಿದ್ದರೆ 14ನೆಯ ಸೆಕ್ಷನ್ನಿನಂತೆ ಎಸ್ಟೇಟ್ ಆಫೀಸರ್ ಕಲೆಕ್ಟರಿಗೆ ಪ್ರಮಾಣಪತ್ರ ಕಳಿಸುತ್ತಾರೆ, ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲಾಗುತ್ತದೆ. ಆ ಪ್ರಮಾಣಪತ್ರಕ್ಕೆ ‘ಇತರರು’ ಎಂದರೆ ಸಾಲದು. ಅದರಲ್ಲಿ ಒಂದು ಹೆಸರು ಮತ್ತು ಒಂದು ಮೊತ್ತ ಬರೆದಿರಬೇಕು.